ಆಟಿಕೆ ಇಟ್ಟಿಗೆಯಲ್ಲಿ ಗಣಿತ, ಭೌತವಿಜ್ಞಾನ: ಅಳತೆಯಿಂದ ಗೇರ್‌ವರೆಗೆ ಸಮಗ್ರ ಮಾರ್ಗದರ್ಶಿ

ಲೆಗೊ ಇಟ್ಟಿಗೆಗಳ ಡಬ್ಬ ಕೈಗೆ ಸಿಕ್ಕರೆ ಮಕ್ಕಳು ಮನೆ ಕಟ್ಟುತ್ತಾರೆ, ಕಾರು ಮಾಡುತ್ತಾರೆ. ಅಷ್ಟರಿಂದಲೇ ಗಣಿತ ಬಂದುಬಿಡುತ್ತದೆ ಎಂದುಕೊಳ್ಳಬೇಡಿ. ಅದು ಬರಬೇಕಾದರೆ ಒಂದು ಕಟ್ಟುಪಾಡು ಬೇಕು: ಜೋಡಿಸುವ ಮೊದಲು ಕಾಗದದ ಮೇಲೆ ಒಂದು ಸಂಖ್ಯೆ ಬೀಳಬೇಕು. ಎಷ್ಟು ಇಟ್ಟಿಗೆ ಬೇಕು, ಎಷ್ಟು ಎತ್ತರ ಬರುತ್ತದೆ, ಯಾವ ತೂತಿಗೆ ಸಮತೋಲನ, ಎಷ್ಟು ಸುತ್ತಿಗೆ ಒಂದು ಸುತ್ತು ಎಂದು ಮೊದಲು ಬರೆದು, ಆಮೇಲೆ ಜೋಡಿಸುವುದು. ಲೆಕ್ಕ ತಪ್ಪಿದ್ದರೆ ಇಟ್ಟಿಗೆ ಕೂರುವುದೇ ಇಲ್ಲ. ದೊಡ್ಡವರು ಕೆಂಪು ಗೆರೆ ಎಳೆಯುವ ಅಗತ್ಯವೂ ಬೀಳುವುದಿಲ್ಲ.

ಈ ಕಟ್ಟುಪಾಡು ನಡೆಯುವುದಕ್ಕೆ ಕಾರಣ ಇಟ್ಟಿಗೆಯ ಅಳತೆ. ಡೆನ್ಮಾರ್ಕಿನ ಬಿಲುಂಡ್‌ನ ಗಾಟ್‌ಫ್ರೆಡ್ ಕಿರ್ಕ್ ಕ್ರಿಸ್ಟಿಯನ್‌ಸೆನ್ ಈಗಿನ ಕೊಳವೆ ಮಾದರಿಯ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಆಗಿನ ಇಟ್ಟಿಗೆ ಇವತ್ತಿನದರ ಮೇಲೂ ಕೂರುತ್ತದೆ. ಇಟ್ಟಿಗೆಯ ಮೇಲೆ ಉಬ್ಬಿರುವ ಗುಂಡನೆಯ ಗುಬುಟಿನ ನಡುವಿನಿಂದ ಪಕ್ಕದ ಗುಬುಟಿನ ನಡುವಿಗೆ 8 ಮಿ.ಮೀ. ಗುಬುಟು ಬಿಟ್ಟು ಇಟ್ಟಿಗೆಯ ಎತ್ತರ 9.6 ಮಿ.ಮೀ. ತೆಳ್ಳನೆಯ ಪ್ಲೇಟಿನ ಎತ್ತರ 3.2 ಮಿ.ಮೀ., ಅಂದರೆ ಮೂರು ಪ್ಲೇಟಿಗೆ ಒಂದು ಇಟ್ಟಿಗೆ. ಪಕ್ಕಪಕ್ಕ ಇಟ್ಟಾಗ ಒತ್ತಿಕೊಳ್ಳದಿರಲೆಂದು ಪ್ರತಿ ಬದಿಯಲ್ಲೂ 0.1 ಮಿ.ಮೀ. ಕಡಿಮೆ ಇಟ್ಟಿರುತ್ತಾರೆ. ಹಾಗಾಗಿ 2×4 ಇಟ್ಟಿಗೆಯ (ಅಗಲಕ್ಕೆ ಎರಡು, ಉದ್ದಕ್ಕೆ ನಾಲ್ಕು ಗುಬುಟು ಇರುವುದು) ಉದ್ದ 32 ಅಲ್ಲ, 31.8 ಮಿ.ಮೀ. ಕೆಳಗಿನ ಹಲವು ಪಾಠಗಳು ಈ ನಾಲ್ಕೈದು ಸಂಖ್ಯೆಗಳ ಮೇಲೆಯೇ ನಿಂತಿವೆ.

ಬೇಕಾಗುವ ಸಾಮಾನು

ಸಾದಾ ಇಟ್ಟಿಗೆಗಳಲ್ಲಿ 2×4 ಮೂವತ್ತು, 2×3 ಮೂವತ್ತು, 2×2 ಇಪ್ಪತ್ತು, 1×2 ಇಪ್ಪತ್ತು, 1×1, 1×3, 1×4, 2×6 ತಲಾ ಆರು, 2×2 ಪ್ಲೇಟ್ ಹದಿನೈದು, ಅಡಿಹಲಗೆ ಒಂದು. ಟೆಕ್ನಿಕ್ (ಯಂತ್ರ ಕಟ್ಟಲೆಂದು ಲೆಗೊ ಮಾಡುವ ಬಗೆ) ಭಾಗಗಳಲ್ಲಿ ಬದಿಯಲ್ಲಿ ತೂತಿರುವ 1×16 ಇಟ್ಟಿಗೆ ಎರಡು, ಒಂದೇ ತೂತಿನ 1×2 ಇಟ್ಟಿಗೆ ಎರಡು, ಗುಬುಟಿಲ್ಲದ ತೂತುಪಟ್ಟಿಗಳು (3, 7, 9, 11, 13 ತೂತಿನವು ತಲಾ ಒಂದು, 9ರದ್ದು ಎರಡು), ಹತ್ತು ಪಿನ್, 3 ಉದ್ದದ ಪಿನ್ ಎರಡು, 6 ಉದ್ದದ ಆಕ್ಸಲ್ (ಅಚ್ಚಿನ ಕಡ್ಡಿ) ನಾಲ್ಕು, ಆಕ್ಸಲಿಗೆ ಸಿಕ್ಕಿಸುವ ಅರ್ಧ ಬುಷ್ (ತೆಳ್ಳನೆಯ ಬಳೆ) ಎಂಟು; ಉದ್ದವೆಲ್ಲ ಗುಬುಟಿನ ಲೆಕ್ಕದಲ್ಲಿ. ಗೇರ್‌ಗಳಲ್ಲಿ 8 ಹಲ್ಲಿನವು ಎರಡು, 24ರವು ಎರಡು, 16 ಮತ್ತು 40ರದ್ದು ಒಂದೊಂದು. ಮಿಲಿಮೀಟರ್ ಗುರುತಿರುವ ಸ್ಕೇಲು, ಗ್ರಾಫ್ ಹಾಳೆ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಸಾಕು.

ಬೇರೆ ಕಂಪನಿಗಳ ಇಟ್ಟಿಗೆ ಅಗ್ಗಕ್ಕೆ ಸಿಗುತ್ತದೆ, ಅದರಿಂದಲೂ ಕೆಲಸ ಆಗುತ್ತದೆ. ಆದರೆ ಒಂದೇ ಪ್ರಯೋಗದಲ್ಲಿ ಎರಡು ಕಂಪನಿಯ ಮಾಲು ಬೆರೆಸಬೇಡಿ. ಕೊಂಡ ತಕ್ಷಣ 2×2 ಇಟ್ಟಿಗೆ ಹತ್ತನ್ನು ಸಾಲಾಗಿ ಅಡಿಹಲಗೆಯ ಮೇಲೆ ಕೂರಿಸಿ ಅಳೆಯಿರಿ, 160 ಮಿ.ಮೀ. ಬರಬೇಕು. ಸಾಲಿನ ಕೊನೆಯದು ಕೂರದೆ ತಲೆಯೆತ್ತಿದರೆ ಆ ಚೀಲವನ್ನು ಬರೀ ಆಟಕ್ಕೆ ಇಟ್ಟುಕೊಳ್ಳಿ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಸಣ್ಣ ಭಾಗಗಳನ್ನು ಅದರ ಕೈಗೆ ಸಿಗದಂತೆ ಇಡಬೇಕು, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ಮೊದಲ ಪಾಠ: ಸೊನ್ನೆ ಇಟ್ಟಿಗೆಯ ಎತ್ತರ ಎಷ್ಟು?

ಒಂದೇ ಪಾಠಕ್ಕೆ ಸಮಯ ಇದ್ದರೆ ಇದನ್ನೇ ಮಾಡಿಸಿ. ಆರನೆಯ ತರಗತಿಯ ಮಗುವಿಗೆ ಇದು ಅಳತೆಯ ಪಾಠ, ಒಂಬತ್ತನೆಯವರಿಗೆ ಸರಳರೇಖೆಯ ಸಮೀಕರಣ.

ಒಂದು 2×2 ಇಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಗುಬುಟಿನ ತುದಿಯವರೆಗೆ ಎತ್ತರ ಅಳೆಯಲಿ. ಸುಮಾರು 11 ಮಿ.ಮೀ. ಬರುತ್ತದೆ. ಐದನ್ನು ಒಂದರ ಮೇಲೊಂದು ಒತ್ತಿ ಅಳೆದರೆ 50, ಹತ್ತಕ್ಕೆ 98. ಈಗ ‘ಒಂದು ಇಟ್ಟಿಗೆಯ ಎತ್ತರ ಎಷ್ಟು?’ ಎಂದು ಕೇಳಿ. ಮೊದಲನೆಯ ಅಳತೆಯ ಪ್ರಕಾರ 11. ಎರಡನೆಯದನ್ನು ಭಾಗಿಸಿದರೆ 10. ಮೂರನೆಯದು 9.8. ಮೂರೂ ಉತ್ತರ ಬೇರೆ. ಅಳತೆ ತಪ್ಪಾಗಿಲ್ಲ, ಇಟ್ಟಿಗೆ ಬದಲಾಗಿಲ್ಲ. ಹಾಗಾದರೆ ಏನಾಯಿತು? ಇಲ್ಲಿ ಸುಮ್ಮನಿರಿ. ಉತ್ತರ ಹೇಳಿಬಿಡುವ ಚಪಲ ಬಹಳ ಇರುತ್ತದೆ, ತಡೆದುಕೊಳ್ಳಿ.

ಗುಬುಟು ಪ್ರತಿ ಕಂಬದಲ್ಲೂ ಒಂದೇ ಸಲ, ತುದಿಯಲ್ಲಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಉಳಿದ ಗುಬುಟುಗಳು ಮೇಲಿನ ಇಟ್ಟಿಗೆಯ ಹೊಟ್ಟೆಯೊಳಗೆ ಹೋಗಿವೆ. ಆದ್ದರಿಂದ ಭಾಗಿಸುವ ಮೊದಲು ಕಳೆಯಬೇಕು: 98ರಿಂದ 50 ಕಳೆದರೆ 48, ಐದರಿಂದ ಭಾಗಿಸಿದರೆ 9.6. ಕಾರ್ಖಾನೆಯ ಅಳತೆ ಶಾಲೆಯ ಸ್ಕೇಲಿನಲ್ಲೇ ಸಿಕ್ಕಿತು.

ಬಳಿಕ ಗ್ರಾಫ್ ಹಾಳೆ. ಅಡ್ಡಕ್ಕೆ ಇಟ್ಟಿಗೆಗಳ ಸಂಖ್ಯೆ, ಉದ್ದಕ್ಕೆ ಎತ್ತರ. ಮೂರು ಚುಕ್ಕೆಯ ಮೂಲಕ ಗೆರೆ ಎಳೆದು ಅದನ್ನು ಎಡಕ್ಕೆ, ಸೊನ್ನೆಯವರೆಗೆ ಮುಂದುವರಿಸಿ. ಗೆರೆ ಮೂಲಬಿಂದುವಿಗೆ ಬರುವುದಿಲ್ಲ, ಸುಮಾರು 2 ಮಿ.ಮೀ. ಮೇಲೆ ಮುಟ್ಟುತ್ತದೆ. ಇಟ್ಟಿಗೆಯೇ ಇಲ್ಲದೆ ಎರಡು ಮಿಲಿಮೀಟರ್ ಎತ್ತರವೇ? ಆ ಎರಡು ಮಿಲಿಮೀಟರೇ ಗುಬುಟು (ನಿಜವಾದ ಎತ್ತರ ಸುಮಾರು 1.8). ‘ಎತ್ತರ = 9.6 × ಸಂಖ್ಯೆ + 1.8’ ಎಂಬ ಸಮೀಕರಣದಲ್ಲಿ ಗುಣಕ ಯಾವುದು, ಕೂಡಿದ್ದು ಯಾವುದು ಎಂದು ಬೆರಳಿಟ್ಟು ತೋರಿಸಬಹುದು.

ಇಲ್ಲಿ ಆಗುವ ತಪ್ಪುಗಳು ಎರಡು. ಶಾಲೆಯ ಸ್ಕೇಲಿನಲ್ಲಿ ಸೊನ್ನೆಯ ಗುರುತು ಅಂಚಿನಲ್ಲಿರುವುದಿಲ್ಲ, ಕೆಲವು ಮಿಲಿಮೀಟರ್ ಒಳಗಿರುತ್ತದೆ; ಸ್ಕೇಲನ್ನು ಮೇಜಿನ ಮೇಲೆ ನಿಲ್ಲಿಸಿ ಓದಿದರೆ ಎಲ್ಲ ಓದುಗಳೂ ಅಷ್ಟೇ ಕಡಿಮೆ ಬರುತ್ತವೆ. ಸ್ವಾರಸ್ಯ ಏನೆಂದರೆ, ಕಳೆದಾಗ ಈ ತಪ್ಪೂ ಬಿದ್ದುಹೋಗುತ್ತದೆ, 48 ಹಾಗೆಯೇ ಉಳಿಯುತ್ತದೆ. ಬೇಕೆಂದೇ ಹಾಗೆ ಅಳೆಸಿ ನೋಡಿ. ಇನ್ನೊಂದು ತಪ್ಪಿಗೆ ಇಂಥ ಮಾಫಿ ಇಲ್ಲ: ಕಂಬವನ್ನು ಪೂರ್ತಿ ಒತ್ತದಿದ್ದರೆ ಪ್ರತಿ ಸಂದಿಯಲ್ಲೂ ಕೂದಲೆಳೆಯಷ್ಟು ಜಾಗ ಉಳಿದು, ಇಟ್ಟಿಗೆ ಹೆಚ್ಚಿದಷ್ಟೂ ತಪ್ಪು ಬೆಳೆಯುತ್ತದೆ.

ಘನ ಕಟ್ಟುವ ಲ.ಸಾ.ಅ.

ಇಟ್ಟಿಗೆಗಳಿಂದ ಮಾತ್ರ, ಪ್ಲೇಟ್ ಮುಟ್ಟದೆ, ಅತಿ ಚಿಕ್ಕ ಘನ ಕಟ್ಟಿ ಎಂದು ಹೇಳಿ. ಮಕ್ಕಳು 2×2 ಇಟ್ಟಿಗೆ ಎರಡನ್ನು ಪೇರಿಸುತ್ತಾರೆ. ಅಗಲ 16, ಎತ್ತರ 19.2, ಅದು ಘನವಲ್ಲ. ಅಗಲ 8ರ ಮಗ್ಗಿಯಲ್ಲಿ ಬೆಳೆಯುತ್ತದೆ, ಎತ್ತರ 9.6ರ ಮಗ್ಗಿಯಲ್ಲಿ. ಎರಡೂ ಎಲ್ಲಿ ಸೇರುತ್ತವೆ? ದಶಮಾಂಶ ಬಿಟ್ಟು 80 ಮತ್ತು 96ರ ಲ.ಸಾ.ಅ. ತೆಗೆದರೆ 480. ಅಂದರೆ 48 ಮಿ.ಮೀ., ಆರು ಗುಬುಟು ಅಗಲ, ಐದು ಇಟ್ಟಿಗೆ ಎತ್ತರ. ಒಂದು ಪದರಕ್ಕೆ 2×3 ಇಟ್ಟಿಗೆ ಆರು, ಐದು ಪದರಕ್ಕೆ ಮೂವತ್ತು. ಪ್ರತಿ ಪದರವನ್ನೂ ಹಿಂದಿನದಕ್ಕೆ ಅಡ್ಡಲಾಗಿ ತಿರುಗಿಸಿ ಜೋಡಿಸಿ. ಒಂದೇ ದಿಕ್ಕಿನಲ್ಲಿಟ್ಟರೆ ಆರು ಬಿಡಿ ಕಂಬಗಳಾಗಿ ಕೈಯಲ್ಲೇ ಬಿಚ್ಚಿಕೊಳ್ಳುತ್ತವೆ. ಗಾರೆ ಕೆಲಸದವರು ಸಂದಿಯ ಮೇಲೆ ಸಂದಿ ಬರದಂತೆ ಗೋಡೆ ಕಟ್ಟುವುದೂ ಇದೇ ಕಾರಣಕ್ಕೆ.

ಪ್ಲೇಟ್ ಬಳಸಲು ಬಿಟ್ಟರೆ ಉತ್ತರ ಕುಗ್ಗುತ್ತದೆ: 32 ಮತ್ತು 80ರ ಲ.ಸಾ.ಅ. 160. ಒಂದು 2×2 ಇಟ್ಟಿಗೆ, ಎರಡು 2×2 ಪ್ಲೇಟ್, ಅಷ್ಟೇ. ಐದು ಪ್ಲೇಟಿಗೆ ಎರಡು ಗುಬುಟು ಎಂಬ ಈ ಸಮ ಗೇರ್ ಪಾಠದಲ್ಲಿ ಮತ್ತೆ ಬರುತ್ತದೆ, ನೆನಪಿರಲಿ.

ಭಿನ್ನರಾಶಿ

2×4 ಅನ್ನು ‘ಒಂದು’ ಎಂದು ಗೊತ್ತುಮಾಡಿ. 2×2 ಅರ್ಧ, 1×4 ಕೂಡ ಅರ್ಧ, 1×2 ಕಾಲು, 2×3 ಮುಕ್ಕಾಲು, 1×1 ಎಂಟನೆಯ ಒಂದು ಪಾಲು. ಮಕ್ಕಳು ಗುಬುಟು ಎಣಿಸುವ ಬದಲು ತುಂಡು ಎಣಿಸುತ್ತಾರೆ: ಒಂದು 2×3, ಒಂದು 1×2 ಇದ್ದರೆ ‘ಎರಡು’ ಎನ್ನುತ್ತಾರೆ. ಎರಡನ್ನೂ ಒಂದು 2×4ರ ಮೇಲೆ ಕೂರಿಸಲು ಹೇಳಿ. ಸರಿಯಾಗಿ ಮುಚ್ಚಿಕೊಂಡರೆ ಒಂದು.

1/2 + 1/3 ಕೂಡಿಸಲು 2×4 ಒದಗುವುದಿಲ್ಲ, ಏಕೆಂದರೆ ಎಂಟು ಗುಬುಟನ್ನು ಮೂರು ಪಾಲು ಮಾಡಲಾಗದು. ಈ ಅಡಚಣೆಯೇ ಪಾಠ. ‘ಯಾವ ಇಟ್ಟಿಗೆಯನ್ನು ಎರಡಾಗಿಯೂ ಮೂರಾಗಿಯೂ ಹಂಚಬಹುದು?’ ಎಂದರೆ 2×6 ಕೈಗೆ ಬರುತ್ತದೆ. ಅದರ ಅರ್ಧ 2×3, ಮೂರನೇ ಒಂದು 2×2. ಎರಡನ್ನೂ ಇಟ್ಟರೆ ಹನ್ನೆರಡರಲ್ಲಿ ಹತ್ತು ಗುಬುಟು ಮುಚ್ಚುತ್ತವೆ, ಅಂದರೆ 5/6. ಸಮಾನ ಛೇದ ಎಂಬ ಮಾತನ್ನು ಇದಾದ ಮೇಲೆ ಹೇಳಿ, ಮೊದಲೇ ಬೇಡ.

ಎರಡು ಇಟ್ಟಿಗೆ, ಇಪ್ಪತ್ನಾಲ್ಕು ಬಗೆ

ಒಂದೇ ಬಣ್ಣದ 2×4 ಇಟ್ಟಿಗೆ ಎರಡನ್ನು ಒಂದರ ಮೇಲೊಂದು ಎಷ್ಟು ಬಗೆಯಲ್ಲಿ ಜೋಡಿಸಬಹುದು? ಸುಮ್ಮನೆ ಎಣಿಸಿದರೆ ದಾರಿ ತಪ್ಪುತ್ತದೆ, ಕ್ರಮ ಬೇಕು. ಎರಡೂ ಒಂದೇ ದಿಕ್ಕಿನಲ್ಲಿದ್ದರೆ ಉದ್ದಕ್ಕೆ 7 ಸ್ಥಾನ, ಅಗಲಕ್ಕೆ 3, ಒಟ್ಟು 21. ಮೇಲಿನದು ಅಡ್ಡವಾಗಿದ್ದರೆ 5×5 = 25. ಕೂಡಿ 46. ಆದರೆ ಜೋಡಿಯನ್ನು ಅರ್ಧ ಸುತ್ತು ತಿರುಗಿಸಿದಾಗ ಬಹುತೇಕ ಜೋಡಣೆಗಳು ಇನ್ನೊಂದರ ಹಾಗೆಯೇ ಕಾಣುತ್ತವೆ. ತಿರುಗಿಸಿದರೂ ಬದಲಾಗದವು ಎರಡೇ: ನಟ್ಟನಡುವೆ ಕೂತ ನೇರ ಜೋಡಿ, ನಟ್ಟನಡುವೆ ಕೂತ ಅಡ್ಡ ಜೋಡಿ. ಉಳಿದ 44ರಲ್ಲಿ ಅರ್ಧ 22, ಜೊತೆಗೆ 2, ಒಟ್ಟು 24. ಪ್ರೌಢಶಾಲೆಯವರಿಗೆ ವಿಕಲ್ಪಗಳ ಲೆಕ್ಕಕ್ಕೆ ಇದು ಒಳ್ಳೆಯ ಹೆಬ್ಬಾಗಿಲು. ಇಂಥ ಇಟ್ಟಿಗೆ ಆರಾದರೆ ಜೋಡಣೆಗಳು 91,51,03,765 ಎಂದು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್ ಕಂಪ್ಯೂಟರಿನಿಂದ ಎಣಿಸಿದ್ದಾರೆ. ಅದಕ್ಕೂ ಮುಂಚೆ ಕಂಪನಿ ಹೇಳುತ್ತಿದ್ದ ಸುಮಾರು ಹತ್ತು ಕೋಟಿ ಮೂವತ್ತು ಲಕ್ಷದ ಸಂಖ್ಯೆಯಲ್ಲಿ ಆರು ಇಟ್ಟಿಗೆ ಎತ್ತರದ ಗೋಪುರಗಳು ಮಾತ್ರ ಸೇರಿದ್ದವು.

ಲಂಬಕೋನ: ಕಂಬ ಎಣಿಸಬೇಡಿ, ಅಂತರ ಎಣಿಸಿ

ಪೈಥಾಗೊರಸ್ ಪ್ರಮೇಯಕ್ಕೆ 3-4-5 ಎಂದು ಹೇಳಿ 3, 4, 5 ತೂತಿನ ಪಟ್ಟಿ ಜೋಡಿಸಲು ಹೊರಟರೆ ಕೋನ ಲಂಬವಾಗುವುದಿಲ್ಲ. ಬೇಲಿಗೆ ಐದು ಕಂಬ ನೆಟ್ಟರೆ ನಡುವೆ ನಾಲ್ಕೇ ಅಂಕಣ. ಪಟ್ಟಿಯ ತೂತೂ ಹಾಗೆಯೇ, ಉದ್ದ ಎಂದರೆ ತೂತಿಗಿಂತ ಒಂದು ಕಡಿಮೆ. ಆದ್ದರಿಂದ 6-8-10ರ ತ್ರಿಭುಜಕ್ಕೆ 7, 9, 11 ತೂತಿನ ಪಟ್ಟಿ ಬೇಕು.

ಮೂರು ಪಟ್ಟಿಯನ್ನು ಪಿನ್‌ನಿಂದ ಸೇರಿಸುವಾಗ ಕೊನೆಯ ಮೂಲೆಯಲ್ಲಿ ತೊಡಕಾಗುತ್ತದೆ. ಪಟ್ಟಿಗಳು ಒಂದರ ಮೇಲೊಂದು ಬರುವುದರಿಂದ ಮೊದಲನೆಯದಕ್ಕೂ ಮೂರನೆಯದಕ್ಕೂ ನಡುವೆ ಒಂದು ಪಟ್ಟಿಯ ದಪ್ಪದಷ್ಟು ಖಾಲಿ ಉಳಿಯುತ್ತದೆ. ಎಳೆದು ಸೇರಿಸಿದರೆ ತ್ರಿಭುಜ ಸೊಟ್ಟಗಾಗಿ ಕೋನ ನಂಬುವಂತಿರುವುದಿಲ್ಲ. ಆ ಮೂಲೆಗೆ 3 ತೂತಿನ ಪಟ್ಟಿಯನ್ನು ಚಕ್ಕೆಯಾಗಿ ಕೊಟ್ಟು 3 ಉದ್ದದ ಪಿನ್ ಹಾಕಿ. ಆಮೇಲೆ ಪುಸ್ತಕದ ಮೂಲೆಗೆ ಹಿಡಿದು ನೋಡಿದರೆ ಸರಿಯಾಗಿ ಕೂರುತ್ತದೆ. 11ರ ಬದಲು 13 ಹಾಕಿದರೆ 144 ದೊಡ್ಡದು, 36+64 ಚಿಕ್ಕದು, ಕೋನ ಹಿಗ್ಗುತ್ತದೆ. 9 ಹಾಕಿದರೆ ಕುಗ್ಗುತ್ತದೆ. ಹಿಗ್ಗುತ್ತದೋ ಕುಗ್ಗುತ್ತದೋ ಎಂಬುದನ್ನೂ ಮೊದಲೇ ಬರೆಸಿ.

ಸನ್ನೆ: ತಕ್ಕಡಿ ಯಾಕೆ ಮಗುಚುತ್ತದೆ?

ಸನ್ನೆಯ ನಿಯಮ ಎಲ್ಲರಿಗೂ ಗೊತ್ತು. ಭಾರ ಇಂಟು ದೂರ ಎರಡೂ ಕಡೆ ಸಮ. ಇಟ್ಟಿಗೆಯಲ್ಲಿ ಅದು ನಡೆಯದೆ ಹೋಗುವುದು ಕಟ್ಟಿದ ರೀತಿಯಿಂದ.

ಅಡಿಹಲಗೆಯ ಮೇಲೆ 2×4 ಇಟ್ಟಿಗೆ ಏಳೇಳು ಪೇರಿಸಿ ಎರಡು ಕಂಬ ಮಾಡಿ. ಪ್ರತಿಯೊಂದರ ಮೇಲೂ ಒಳ ಅಂಚಿಗೆ ಒಂದು ತೂತಿನ 1×2 ಇಟ್ಟಿಗೆ, ತೂತುಗಳು ಎದುರುಬದುರಾಗಿ, ಅವುಗಳ ನಡುವೆ ಮೂರು ಗುಬುಟಿನಷ್ಟು ಜಾಗ. 1×16 ಪಟ್ಟಿಗೆ 15 ತೂತು, ನಡುವಿನದು ಎಂಟನೆಯದು. 6 ಉದ್ದದ ಆಕ್ಸಲನ್ನು ಒಂದು ಕಂಬ, ಪಟ್ಟಿಯ ಎಂಟನೆಯ ತೂತು, ಇನ್ನೊಂದು ಕಂಬ ಹೀಗೆ ಪೋಣಿಸಿ. ಪಟ್ಟಿಯ ಎರಡೂ ಬದಿಗೆ ಅರ್ಧ ಬುಷ್ ಹಾಕಿ, ಆದರೆ ಬಿಗಿಯಬೇಡಿ. ಆಕ್ಸಲಿನ ಬದಲು ಕಪ್ಪು ಪಿನ್ ಬಳಸಿದರೆ ಪಟ್ಟಿ ಬಿಟ್ಟಲ್ಲೇ ನಿಲ್ಲುತ್ತದೆ. ಆ ಪಿನ್ ಹಿಡಿತಕ್ಕೆಂದೇ ಮಾಡಿದ್ದು.

ಈಗ 1×2 ಇಟ್ಟಿಗೆಗಳನ್ನು ಪಟ್ಟಿಯ ಮೇಲೆ ಎರಡೂ ಕಡೆ ಒಂದೇ ದೂರದಲ್ಲಿ ಕೂರಿಸಿ ಕೈ ಬಿಡಿ. ಭಾರ ಸಮ, ದೂರ ಸಮ, ಆದರೂ ಪಟ್ಟಿ ಒಂದು ಕಡೆಗೆ ಉರುಳುತ್ತದೆ. ನಿಯಮ ಸುಳ್ಳಾಯಿತೇ? ಇಲ್ಲ. ಭಾರವೆಲ್ಲ ಆಕ್ಸಲಿಗಿಂತ ಮೇಲಿದೆ. ಗುರುತ್ವ ಕೇಂದ್ರ ಆನಿಕೆಯ ಮೇಲಿದ್ದರೆ ಕೂದಲಷ್ಟು ವಾಲಿದರೂ ಆ ವಾಲು ಹೆಚ್ಚುತ್ತಲೇ ಹೋಗುತ್ತದೆ. ಅವೇ ಇಟ್ಟಿಗೆಗಳನ್ನು ಪಟ್ಟಿಯ ಕೆಳಗಿನಿಂದ ಒತ್ತಿ ನೇತುಹಾಕಿ. ಒಂದೆರಡು ಸಲ ತೂಗಿ ಸಮಕ್ಕೆ ಬಂದು ನಿಲ್ಲುತ್ತದೆ. 

ದೂರ ಎಣಿಸುವಲ್ಲೂ ಒಂದು ಮೋಸ ಇದೆ. ಎರಡು ಗುಬುಟಿನ ಇಟ್ಟಿಗೆಯ ನಡು ಸರಿಯಾಗಿ ಒಂದು ತೂತಿನ ನೇರಕ್ಕೆ ಬರುತ್ತದೆ, ಆದ್ದರಿಂದ ದೂರ 1, 2, 3 ಎಂದು ಪೂರ್ಣವಾಗಿ ಸಿಗುತ್ತದೆ. 1×1 ಹಾಕಿದರೆ ಅದರ ನಡು ಎರಡು ತೂತಿನ ಮಧ್ಯಕ್ಕೆ ಬಿದ್ದು ದೂರ ಎರಡೂವರೆ, ಮೂರೂವರೆ ಆಗುತ್ತದೆ. ಮೊದಲ ದಿನ 1×2 ಮಾತ್ರ ಬಳಸಿ.

ಎಡಕ್ಕೆ, ಆಕ್ಸಲಿನಿಂದ ಆರನೆಯ ತೂತಿನ ಕೆಳಗೆ ಎರಡು ಇಟ್ಟಿಗೆ. ಬಲಕ್ಕೆ ನಾಲ್ಕು ಇಟ್ಟಿಗೆ ಕೊಟ್ಟು ಜಾಗ ಬರೆಯಲು ಹೇಳಿ: 2×6 = 4×3. ಮೂರರಲ್ಲಿ ಹಾಕಿ ಬಿಟ್ಟರೆ ನಿಲ್ಲುತ್ತದೆ, ನಾಲ್ಕರಲ್ಲಿ ಹಾಕಿದರೆ ಕಣ್ಣಿಗೆ ಕಾಣುವಷ್ಟು ವಾಲುತ್ತದೆ. ಇದು ಕೈಗೆ ಬಂದ ಮೇಲೆ ಆಕ್ಸಲನ್ನು ಪಟ್ಟಿಯ ತುದಿಯಿಂದ ಆರನೆಯ ತೂತಿಗೆ ಸರಿಸಿ. ಪಟ್ಟಿ ಉದ್ದನೆಯ ಕಡೆಗೆ ಬೀಳುತ್ತದೆ, ಏಕೆಂದರೆ ಅದರ ಸ್ವಂತ ತೂಕ ಎಂಟನೆಯ ತೂತಿನಲ್ಲಿ, ಅಂದರೆ ಆನಿಕೆಯಿಂದ ಎರಡು ಹೆಜ್ಜೆ ದೂರದಲ್ಲಿ ಎಳೆಯುತ್ತಿದೆ. ಗಿಡ್ಡ ಕಡೆಗೆ ಇಟ್ಟಿಗೆ ನೇತುಹಾಕಿ ಸಮ ಮಾಡಿ, ಇಟ್ಟಿಗೆ ಇಂಟು ದೂರವನ್ನು ಎರಡರಿಂದ ಭಾಗಿಸಿದರೆ ಪಟ್ಟಿಯ ತೂಕ ಎಷ್ಟು ಇಟ್ಟಿಗೆ ಎಂದು ಗೊತ್ತಾಗುತ್ತದೆ. ಹತ್ತು ಇಟ್ಟಿಗೆಯನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ, ಆಮೇಲೆ ಪಟ್ಟಿಯನ್ನೂ ತೂಗಿ ತಾಳೆ ನೋಡಿ. ಒಂದೇ ಇಟ್ಟಿಗೆ ಇಟ್ಟರೆ ಅಡುಗೆಮನೆಯ ತಕ್ಕಡಿ ಸುಮ್ಮನೆ 1 ಎಂದೋ 0 ಎಂದೋ ತೋರಿಸುತ್ತದೆ. ಬಿಡುವಾದಾಗ ಅಡಕತ್ತರಿ ತಂದು ಆನಿಕೆ ಎಲ್ಲಿ, ಅಡಿಕೆ ಎಲ್ಲಿ, ಕೈ ಎಲ್ಲಿ ಎಂದು ಕೇಳಿ.

ಗೇರ್: ಹದಿನಾರರ ಮಗ್ಗಿ

ಈ ಗೇರ್‌ಗಳ ಪರಿಣಾಮಕಾರಿ ವ್ಯಾಸ (ಹಲ್ಲುಗಳು ಕಚ್ಚಿಕೊಳ್ಳುವ ಜಾಗದಲ್ಲಿ ಅಳೆದದ್ದು) ಮಿಲಿಮೀಟರಿನಲ್ಲಿ ಹಲ್ಲುಗಳ ಸಂಖ್ಯೆಯಷ್ಟೇ ಇರುತ್ತದೆ. 24 ಹಲ್ಲಿನದಕ್ಕೆ 24 ಮಿ.ಮೀ. ಎರಡು ಗೇರ್ ಕಚ್ಚಿಕೊಳ್ಳಲು ಆಕ್ಸಲ್‌ಗಳ ನಡುವೆ ಹಲ್ಲುಗಳ ಮೊತ್ತದ ಅರ್ಧದಷ್ಟು ಮಿಲಿಮೀಟರ್ ಬೇಕು, ತೂತುಗಳಿರುವುದು 8 ಮಿ.ಮೀ.ಗೆ ಒಂದರಂತೆ. ಹಾಗಾಗಿ ಒಂದೇ ಪಟ್ಟಿಯಲ್ಲಿ ಕೂರಬೇಕಾದರೆ ಹಲ್ಲುಗಳ ಮೊತ್ತ 16ರ ಮಗ್ಗಿಯಲ್ಲಿ ಬರಬೇಕು. 8+24 ಎರಡು ತೂತು ಆಚೆ, 8+40 ಮೂರು, 24+40 ನಾಲ್ಕು. 16+24 ಎರಡೂವರೆ, ಅದು ಕೂರುವುದಿಲ್ಲ. ನಿಯಮ ಹೇಳಬೇಡಿ, ನಾಲ್ಕು ಬಗೆಯ ಗೇರ್ ಕೊಟ್ಟು, ಕೂರುವ ಜೋಡಿ, ಕೂರದ ಜೋಡಿ ಪಟ್ಟಿ ಮಾಡಲು ಬಿಡಿ.

ಒಂದರ ಮೇಲೊಂದು ಪಟ್ಟಿ ಇಟ್ಟು ಗೇರ್ ಏರಿಸುವವರಿಗೆ 9.6 ಅಡ್ಡ ಬರುತ್ತದೆ. ಎರಡು ಪಟ್ಟಿಗಳ ನಡುವೆ ಎರಡು ಪ್ಲೇಟ್ ಪೇರಿಸಿದರೆ 9.6 + 6.4 = 16, ಅಂದರೆ ಸರಿಯಾಗಿ ಎರಡು ತೂತಿನ ಅಂತರ.

8 ಹಲ್ಲಿನದನ್ನು ತಿರುಗಿಸಿ 24ರದ್ದನ್ನು ಓಡಿಸಿದರೆ ಮೂರು ಸುತ್ತಿಗೆ ಒಂದು. ಆ 24ರ ಆಕ್ಸಲಿನಲ್ಲೇ ಇನ್ನೊಂದು 8 ಹಾಕಿ ಮತ್ತೊಂದು 24ಕ್ಕೆ ಕಚ್ಚಿಸಿದರೆ? ಆರು ಎನ್ನುವವರೇ ಹೆಚ್ಚು. ಕೊನೆಯ ಗೇರಿನ ಒಂದು ಹಲ್ಲಿಗೆ ಬಣ್ಣ ಹಚ್ಚಿ ಎಣಿಸಿ: ಒಂಬತ್ತು. ಅನುಪಾತ ಕೂಡುವುದಿಲ್ಲ, ಗುಣಿಸುತ್ತದೆ. ಎರಡು ಗೇರ್ ನಡುವೆ ಮೂರನೆಯದನ್ನು ಬರೀ ಸೇತುವೆಯಾಗಿ ತೂರಿಸಿದರೆ ತಿರುಗುವ ದಿಕ್ಕು ಬದಲಾಗುತ್ತದೆ, ಅನುಪಾತ ಹಾಗೆಯೇ ಇರುತ್ತದೆ. ಸುತ್ತು ಲೆಕ್ಕದ ಪ್ರಕಾರ ಪಕ್ಕಾ ಒಂಬತ್ತಾದರೂ ಬಲ ಒಂಬತ್ತು ಪಟ್ಟು ಸಿಗುವುದಿಲ್ಲ, ಆಕ್ಸಲಿನ ಘರ್ಷಣೆ ಅದರಲ್ಲಿ ಪಾಲು ತಿನ್ನುತ್ತದೆ.

ಇಳಿಜಾರು

32 ಗುಬುಟು ಉದ್ದದ, ಅಂದರೆ 256 ಮಿ.ಮೀ.ನ ಗಟ್ಟಿ ರಟ್ಟು ತೆಗೆದುಕೊಳ್ಳಿ. ಒಂದು ತುದಿಯ ಕೆಳಗೆ ಒಂದೊಂದೇ ಇಟ್ಟಿಗೆ ಏರಿಸುತ್ತ, ಮೇಲಿಟ್ಟ 2×4 ಎಷ್ಟನೆಯದಕ್ಕೆ ಜಾರುತ್ತದೆ ಎಂದು ನೋಡಿ. ಹತ್ತಕ್ಕೆ ಜಾರಿತು ಎನ್ನಿ: ಎತ್ತರ 96, ಬುಡ 256 ಅಲ್ಲ (ಅದು ವಿಕರ್ಣ), ವರ್ಗಮೂಲ ತೆಗೆದರೆ ಸುಮಾರು 237. ಘರ್ಷಣಾಂಕ (ಜಾರದಂತೆ ತಡೆಯುವ ಹಿಡಿತದ ಅಳತೆ) 96 ಭಾಗಿಸು 237, ಸುಮಾರು 0.4. ಇಟ್ಟಿಗೆಯ ಮೇಲೆ ಇನ್ನೊಂದು ಪೇರಿಸಿ ಭಾರ ಇಮ್ಮಡಿ ಮಾಡಿದರೂ ಜಾರುವ ಎತ್ತರ ಹೆಚ್ಚುಕಡಿಮೆ ಅಷ್ಟೇ. ಆದರೆ 2×2ರ ಕಂಬವನ್ನು ಬೆಳೆಸುತ್ತ ಹೋದರೆ ಐದನೆಯ ಇಟ್ಟಿಗೆಯ ಹೊತ್ತಿಗೆ ಜಾರುವ ಬದಲು ಮಗುಚುತ್ತದೆ: ಅಗಲವನ್ನು ಎತ್ತರದಿಂದ ಭಾಗಿಸಿದ್ದು (15.8 ÷ 48 = 0.33) ಘರ್ಷಣಾಂಕಕ್ಕಿಂತ ಕಡಿಮೆಯಾಗಿಬಿಟ್ಟಿದೆ.

ಉಪ್ಪುನೀರಿನಲ್ಲಿ ಇಟ್ಟಿಗೆ

ಇಟ್ಟಿಗೆಯ ಎಬಿಎಸ್ ಪ್ಲಾಸ್ಟಿಕ್ಕಿನ ಸಾಂದ್ರತೆ ಸುಮಾರು 1.05, ನೀರಿಗಿಂತ ತುಸುವೇ ಹೆಚ್ಚು. ಒಂದು ಲೀಟರ್ ನೀರಿಗೆ 2×4 ಇಟ್ಟಿಗೆಯನ್ನು ಗುಬುಟು ಮೇಲೆ ಮಾಡಿ ಹಾಕಿದರೆ ತೇಲುತ್ತದೆ, ಹೊಟ್ಟೆಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ನೀರೊಳಗೇ ಬೋರಲು ಮಾಡಿ ಕುಲುಕಿ ಗುಳ್ಳೆ ಬಿಡಿಸಿ, ಆಗ ಮುಳುಗುತ್ತದೆ. ಇನ್ನು ಹತ್ತು ಹತ್ತು ಗ್ರಾಂ ಉಪ್ಪು ಹಾಕಿ ಕದಡುತ್ತ ಹೋಗಿ. 70-80 ಗ್ರಾಂ ಆಸುಪಾಸಿನಲ್ಲಿ ಇಟ್ಟಿಗೆ ಮೇಲೇಳಬೇಕು. ಬಣ್ಣ ಬದಲಾದರೆ ಒಂದಿಷ್ಟು ಹೆಚ್ಚುಕಡಿಮೆ. ಕದಡದೆ ಬಿಟ್ಟರೆ ಉಪ್ಪು ತಳದಲ್ಲೇ ಕರಗಿ ಕೆಳಗಿನ ನೀರು ಮಾತ್ರ ಭಾರವಾಗುತ್ತದೆ, ಇಟ್ಟಿಗೆ ಮೇಲೂ ಬರದೆ ಕೆಳಗೂ ಇಳಿಯದೆ ಪಾತ್ರೆಯ ನಡುನೀರಿನಲ್ಲಿ ನಿಂತುಬಿಡುತ್ತದೆ. ಹಾಗಾದರೆ ತಕ್ಷಣ ಚಮಚ ಹಾಕಬೇಡಿ. ಕದಡಿದರೆ ಇದು ಏಳುತ್ತದೋ ಮುಳುಗುತ್ತದೋ ಎಂದು ಮೊದಲು ಬರೆಸಿ.